ಮುದ್ದಿ ಕೊಡದ ನೀರು

ಸಿದ್ದಾಪುರದ ಹತ್ತಿರ, ಇಂಗ್ಲಿಷ್ ದೊರೆಯ ಕಾಫಿ ತೋಟದ ಲೈನಿನಲ್ಲಿ, ಕೂಲಿಗಳ ಸಾಲುಮನೆಗಳಲ್ಲಿ, ವಾಂತಿಭೇದಿ ಮನೆಯಿಂದ ಮನೆಗೆ ಹಬ್ಬಿತು. ಕೂಲಿಯಾಳು ಮುದ್ದಿಯ ಇಬ್ಬರು ಹೆಣ್ಣುಮಕ್ಕಳೂ ಮಲಗಿದರು.

"ನೀರು ಕೊಟ್ರೆ ಭೇದಿ ಜಾಸ್ತಿ ಆಯ್ತದೆ, ಒಂದು ತೊಟ್ಟೂ ಕೊಡ್ಬೇಡ" ಎಂದರು ಹಿರಿಯರು. ಹೇಳಿದವರು ಯಾರೂ ಸಾಯಲಿಲ್ಲ.

ಹಾಜರಿ ಬರೆಯುವ ತೋಟದ ರೈಟರು ರಜೆ ಕೊಡಲಿಲ್ಲ. ಮುದ್ದಿ ಕೊಡವನ್ನು ಮನೆಯ ಹಿಂದೆ ಇಟ್ಟು, ಮಕ್ಕಳನ್ನು ಗದರಿಸಿ ಕೆಲಸಕ್ಕೆ ಹೋದಳು. ದೊಡ್ಡವಳು ಮಾರಿ ತೆವಳಿಕೊಂಡು ಹೋಗಿ ಕದ್ದು ಕುಡಿದಳು. ಚಿಕ್ಕವಳು ಚಿನ್ನಿ ಅವ್ವನ ಮಾತು ಮೀರುವವಳಲ್ಲ. ಸಂಜೆ ಹೊತ್ತಿಗೆ ಅವಳ ಕಣ್ಣು ಗುಳಿಬಿದ್ದಿತ್ತು.

"ಅವ್ವಾ, ನಾನು ಕುಡೀಲಿಲ್ಲ" ಎಂದಳು, ಶಹಬ್ಬಾಸ್‌ಗಿರಿಗೆ ಕಾದವಳಂತೆ.

ಮರುದಿನ ಮಾರಿ ಎದ್ದು ಕೂತು, ಕದ್ದು ಕುಡಿದದ್ದನ್ನು ಒಪ್ಪಿಕೊಂಡಳು. ಚಿನ್ನಿ ಏಳಲಿಲ್ಲ.

ಆಮೇಲೆ ಸಾಯುವವರೆಗೂ, ಯಾರ ಮಗು ವಾಂತಿ ಮಾಡಿದರೂ ಮುದ್ದಿ ಉಪ್ಪು ಹಾಕಿದ ಗಂಜಿತಿಳಿ ಹಿಡಿದು ಓಡುತ್ತಿದ್ದಳು.

"ಕುಡಿ ಮಗಾ, ಅವ್ವ ಬೈಯಾಕಿಲ್ಲ."