ಗಂಟಲು, ಉಸಿರು, ದೂರ

ಅಟ್ಟ ಸ್ವಚ್ಛ ಮಾಡುವಾಗ ಹಳೆಯ ಹೆಡ್‌ಫೋನ್ ಒಂದು ಸಿಕ್ಕಿತು. ಕಿವಿಗೆ ಕೂಡುವ ಮೆತ್ತೆಯ ಕರಿ ಪದರು ಉದುರಿ ಕೈಗೆಲ್ಲ ಅಂಟಿಕೊಂಡಿತು. ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷ ಕಳೆದರೂ ಅದರಲ್ಲಿ ಮೆಂತ್ಯ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ ಉಳಿದಿತ್ತು. ಆ ಎಣ್ಣೆ ನನ್ನದಲ್ಲ. ನನ್ನ ನೆಗೆಣ್ಣಿಯದು, ಮೈದುನನ ಹೆಂಡತಿಯದು. ಎಣ್ಣೆ ತಲೆಗೆ ಹೆಡ್‌ಫೋನ್ ಹಾಕಬೇಡವೆಂದು ನಾನು ಎಷ್ಟು ಸಲ ಗದರಿದ್ದೆನೋ. ಆಕೆ ಸೆರಗಿನಿಂದ ಒಮ್ಮೆ ಒರೆಸಿದಂತೆ ಮಾಡಿ ಮತ್ತೆ ಹಾಕಿಕೊಳ್ಳುತ್ತಿದ್ದಳು…

ನಮ್ಮದು ಗಂಗಾವತಿಯಲ್ಲಿ ಕ್ಯಾಸೆಟ್ ಮಾರಿ ಬದುಕಿದ ಮನೆ. ತೊಂಬತ್ತೇಳರಲ್ಲಿ ನಾನು ಕುಷ್ಟಗಿಯಿಂದ ಸೊಸೆಯಾಗಿ ಬಂದಾಗ ಬಸ್ ನಿಲ್ದಾಣದ ಹತ್ತಿರ ಮಾವನವರ ಅಂಗಡಿ ಇತ್ತು. ಮುಂದೆ ಕ್ಯಾಸೆಟ್ ಕೇಳುವವರು ಕಡಿಮೆಯಾದರು. ನಮ್ಮ ಯಜಮಾನರು ಮನೆಯ ಹಿಂದಿನ ಕೋಣೆಯ ಗೋಡೆಗಳಿಗೆ ದನಿ ಮೊಳಗದಂತೆ ಹಳೆಯ ಕೌದಿ ಬಡಿದು, ಕಂಪ್ಯೂಟರ್ ತಂದಿಟ್ಟು, ಹಾಡು ರೆಕಾರ್ಡ್ ಮಾಡಲು ಶುರುಮಾಡಿದರು. ಭಜನಾ ಮೇಳದವರು ಬರುತ್ತಿದ್ದರು, ಕವಾಲಿಯವರು ಬರುತ್ತಿದ್ದರು, ಕಾಲುವೆ ಕಡೆ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಿಂದ ತೆಲುಗು ಹಾಡಿನವರೂ ಬರುತ್ತಿದ್ದರು. ಮೈಕು ಹಿಡಿಸಿ ಹಾಡಿಸುವುದು ಯಜಮಾನರ ಕೆಲಸ. ಆಮೇಲೆ ಕೂತು ದನಿ, ತಬಲಾ, ಹಾರ್ಮೋನಿಯಂ ಎಲ್ಲವನ್ನೂ ಹದವಾಗಿ ಬೆರೆಸುವ ಮಿಕ್ಸಿಂಗ್ ಕೆಲಸಕ್ಕೆ ಅವರಿಗೆ ತಾಳ್ಮೆ ಇರಲಿಲ್ಲ. ಅದು ನನ್ನ ಪಾಲಿಗೆ ಬಂತು.

ನಾನು ಓದಿದ್ದು ಹತ್ತನೆಯ ತರಗತಿ. ಮಿಕ್ಸಿಂಗಿಗೆ ಬೇಕಾದ ಸಲಕರಣೆಗಳು ಕಂಪ್ಯೂಟರಿನ ಒಳಗೇ ಇರುತ್ತವೆ, ಪ್ಲಗಿನ್ ಅನ್ನುತ್ತಾರೆ. ಒಂದು ದನಿಯ ಕರ್ಕಶ ತೆಗೆಯುತ್ತದೆ, ಇನ್ನೊಂದು ಏರಿಳಿತವನ್ನು ಸಮ ಮಾಡುತ್ತದೆ, ಮತ್ತೊಂದು ಗುಡಿಯೊಳಗೆ ಹಾಡಿದ ಹಾಗೆ ಮೊಳಗು ಕೊಡುತ್ತದೆ. ಪರದೆಯ ತುಂಬ ತಿರುಗಿಸುವ ಗುಂಡಿಗಳು, ಎಲ್ಲಕ್ಕೂ ಇಂಗ್ಲಿಷ್ ಹೆಸರು. ನಿಘಂಟು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಕಲಿತೆ. ಥ್ರೆಶೋಲ್ಡ್ ಎಂದರೆ ಹೊಸ್ತಿಲು ಎಂದಿತ್ತು. ದನಿಗೆ ಎಲ್ಲಿಯ ಹೊಸ್ತಿಲು ಎಂದು ಒಂದು ಮಧ್ಯಾಹ್ನವೆಲ್ಲ ತಲೆ ಕೆಡಿಸಿಕೊಂಡಿದ್ದೆ. ಆ ಮಟ್ಟ ದಾಟಿ ಬಂದ ದನಿಯನ್ನಷ್ಟೇ ಪ್ಲಗಿನ್ ಹಿಡಿದು ತಗ್ಗಿಸುತ್ತದೆ ಎಂದು ತಿಳಿದ ದಿನ ನನಗಾದ ಖುಷಿಯನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಹೆಚ್ಚು ಗುಂಡಿ ಇದ್ದಷ್ಟೂ ಆ ಪ್ಲಗಿನ್ ನನಗೆ ಇಷ್ಟವಾಗುತ್ತಿತ್ತು. ದನಿಯನ್ನು ಕೂದಲೆಳೆಯಷ್ಟು ಸೀಳಿ ನೋಡಬಹುದಿತ್ತು, ಅದೊಂದು ಕಾರಣ. ಇನ್ನೊಂದೂ ಇತ್ತು. ಆ ಪರದೆಯ ಮುಂದೆ ಬೇರೆ ಯಾರು ಕೂತರೂ ಕೆಲಸ ಸಾಗುತ್ತಿರಲಿಲ್ಲ. ಕೋಣೆಯ ಬಾಗಿಲು ಹಾಕಿದರೆ ಅತ್ತೆಯವರೂ ಕರೆಯುತ್ತಿರಲಿಲ್ಲ. ರೊಟ್ಟಿ ಬಡಿಯುವ ಹೊತ್ತಿಗೂ ಸೊಸೆ ಬಾಗಿಲು ಹಾಕಿಕೊಂಡು ಕೂರಬಹುದಾದ ಮನೆ ನಮ್ಮ ಓಣಿಯಲ್ಲಿ ಮತ್ತೊಂದಿರಲಿಲ್ಲ.

ಅಂಥ ಮನೆಗೆ ನೆಗೆಣ್ಣಿ ಬಂದಳು. ಯಲಬುರ್ಗಾ ಕಡೆಯ ಬೇವೂರಿನವಳು, ಬಿ.ಎ. ಓದಿದವಳು. ನಕ್ಕರೆ ಬೀದಿಗೆ ಕೇಳುತ್ತಿತ್ತು. ಚಹಾ ಕೊಡಲು ಬಂದವಳು ನನ್ನ ಕುರ್ಚಿಯ ಹಿಂದೆ ನಿಂತು, ಪರದೆಯ ಮೇಲಿನ ಇಂಗ್ಲಿಷನ್ನು ತಡವರಿಸದೆ ಓದಿಬಿಡುತ್ತಿದ್ದಳು. ಮೊದಲ ಸಲ ನನಗೆ ಹೊಟ್ಟೆಕಿಚ್ಚಾದದ್ದು ಆಗಲೇ. ನಾನು ಒಂದೊಂದು ಪದಕ್ಕೂ ಬೆವರು ಹರಿಸಿದ್ದೆ.

ಎರಡನೆಯ ಬಾಣಂತನಕ್ಕೆ ಕುಷ್ಟಗಿಗೆ ಹೋದೆ. ಹಾಡಿನವರು ಕಾಯುವಂತಿರಲಿಲ್ಲ, ಕೆಲಸ ಆಕೆಯ ಕೈಗೆ ಹೋಯಿತು. ಕೂಸಿನ ಜೊತೆ ತಿರುಗಿ ಬಂದು ಪರದೆ ನೋಡಿದರೆ ನನ್ನ ಗುಂಡಿಗಳು ಒಂದೂ ಕಾಣಲಿಲ್ಲ. ಅವುಗಳ ಜಾಗದಲ್ಲಿ ದೊಡ್ಡವು ಮೂರೇ ಗುಂಡಿ, ಕೆಳಗೆ ಕನ್ನಡದಲ್ಲಿ ಹೆಸರು: ಗಂಟಲು, ಉಸಿರು, ದೂರ.

"ನನ್ನವು ಎಲ್ಲಿ ಹ್ವಾದವು?" ಅಂದೆ.

"ಎಲ್ಲಾ ಹಿಂದ ಅದಾವ್ರಿ ಅಕ್ಕಾರ. ನಾ ಮುಂದ ಒಂದು ಪರದಿ ಕಟ್ಟೀನಿ ಅಷ್ಟ."

ನಿಜವೇ. ನಾನು ವರ್ಷಗಟ್ಟಲೆ ಕೂತು ಹೊಂದಿಸಿದ್ದನ್ನೆಲ್ಲ ಆಕೆ ಆ ಮೂರಕ್ಕೆ ಕಟ್ಟಿಹಾಕಿದ್ದಳು. ಗಂಟಲು ತಿರುಗಿಸಿದರೆ ಕಟ್ಟಿದ ದನಿ ಬಿಚ್ಚಿಕೊಳ್ಳುತ್ತಿತ್ತು. ಉಸಿರು ತಿರುಗಿಸಿದರೆ ಮೆಲ್ಲಗೆ ಹಾಡಿದ್ದೂ ಮೇಲೆದ್ದು ಬರುತ್ತಿತ್ತು. ದೂರ ತಿರುಗಿಸಿದರೆ ಹಾಡುವವರು ಕೋಣೆ ಬಿಟ್ಟು ಬಯಲಿಗೆ ಹೋದ ಹಾಗೆ. ದುಡಿಮೆ ನನ್ನದು, ಹೆಸರು ಮಾತ್ರ 'ಸಣ್ಣ ಸೊಸಿ ಮೂರು ಗುಂಡಿ' ಎಂದು ಊರೆಲ್ಲ ಹಬ್ಬಿತು.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆ. ನಾನು ಕೂತಾಗ ಹಾಡಿನವರು ಪರದೆ ನೋಡಿ ಸುಮ್ಮನಿರುತ್ತಿದ್ದರು. ಏನು ಕೇಳಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಆಕೆ ಕೂತಾಗ ಅವರಿಗೆ ಬಾಯಿ ಬಂತು. "ದೂರ ಒಂಚೂರು ಕಡಿಮಿ ಮಾಡ್ರಿ", "ನನ್ನ ಗಂಟ್ಲು ಇನ್ನೂ ಬಿಚ್ಚವಲ್ದು ನೋಡ್ರಿ" ಅನ್ನುತ್ತ ಕುರ್ಚಿಯ ಸುತ್ತ ನೆರೆಯುತ್ತಿದ್ದರು. ಒಳಗಿನ ನಗು ಅಡುಗೆಮನೆಗೆ ಕೇಳುತ್ತಿತ್ತು. ನಾನು ಅಡುಗೆಮನೆಯಲ್ಲಿದ್ದೆ. "ಮೂರು ಗುಂಡಿ ಯಾರು ತಿರುವಿದ್ರೇನವ್ವ, ನೀ ಕೂಸಿನ್ನ ನೋಡ್ಕೊ" ಎಂದು ಅತ್ತೆಯವರು ಅಂದದ್ದು ಕೆಟ್ಟ ಮನಸ್ಸಿನಿಂದೇನೂ ಅಲ್ಲ.

ಒಂದು ದಿನ ತಡೆಯಲಾರದೆ ಕೇಳಿದೆ, "ನಿನ್ನ ಮೂರು ಗುಂಡ್ಯಾಗ ಎಲ್ಲಾರ ದನಿನೂ ಒಂದ ನಮೂನಿ ಆಗಾಕ ಹತ್ಯಾವ. ಕಿವಿಗೆ ಬೀಳೂದಿಲ್ಲೇನು?"

"ಬೀಳತೈತ್ರಿ," ಅಂದಳು. ಆಕೆ ಸೋತು ಮಾತಾಡುವವಳಲ್ಲ. "ಆದ್ರ ನಿಮ್ಮ ಗುಂಡಿ ನಿಮಗಷ್ಟ ತಿಳೀತಾವ. ನಾಳೆ ನಿಮಗ ಜ್ವರಾ ಬಂದ್ರ ಕ್ವಾಣಿಗೆ ಕೀಲಿ ಹಾಕೂದೇನು?"

ಇಬ್ಬರ ಮಾತೂ ಸರಿಯಾಗಿತ್ತು. ಅದಕ್ಕೇ ಇರಬೇಕು, ಆ ವಾರವೆಲ್ಲ ನಾವು ಮಾತಾಡಲಿಲ್ಲ.

ನವಲಿಯಿಂದ ಒಬ್ಬ ಅಜ್ಜಿ ಬೀಸುವ ಪದ ಹಾಡಲು ಬಂದಿದ್ದು ಆಮೇಲೆ. ಮೊಮ್ಮಕ್ಕಳು ಹಟ ಹಿಡಿದು ಕರೆತಂದಿದ್ದರು. ಹಾಡು ಮುಗಿಸಿ ಊರಿಗೆ ಹೋದರು. ಕೇಳಿದರೆ ಅದರ ತಳದಲ್ಲಿ ಹಿಂದಿನ ಬೀದಿಯ ರೈಸ್ ಮಿಲ್ಲಿನ ಗುಂಯ್ ಎನ್ನುವ ಸದ್ದು. ಅಜ್ಜಿಯ ದನಿ ಸಣ್ಣದು. ಉಸಿರು ಏರಿಸಿದರೆ ದನಿಯ ಜೊತೆ ಮಿಲ್ಲೂ ಏರುತ್ತಿತ್ತು. ಮತ್ತೊಮ್ಮೆ ಕರೆಸೋಣವೆಂದರೆ ಅಜ್ಜಿ ಹಾಸಿಗೆ ಹಿಡಿದಿದ್ದಳು. ನೆಗೆಣ್ಣಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅಕ್ಕಾರ, ನನ್ನಿಂದ ಆಗವಲ್ದು. ನೀವ ಬರ್ರಿ."

ಆ ಮಾತು ಕೇಳಿ ನನಗಾದ ಸಂತೋಷ ಇವತ್ತಿಗೂ ನೆನಪಿದೆ. ಹಿಟ್ಟಿನ ಕೈ ತೊಳೆದು ಹೋಗಿ ಆಕೆಯ ಪರದೆ ಸರಿಸಿ ನನ್ನ ಗುಂಡಿಗಳನ್ನು ಹೊರತೆಗೆದೆ. ಮಿಲ್ಲಿನ ಸದ್ದು ಎಲ್ಲೆಲ್ಲಿ ಅಡಗಿದೆಯೋ ಹುಡುಕಿ, ಅಲ್ಲಲ್ಲಿ ಮಾತ್ರ ಎಳೆ ಎಳೆಯಾಗಿ ಕತ್ತರಿಸಿದೆ. ಮಧ್ಯಾಹ್ನ ಕೂತವಳು ಎದ್ದಾಗ ದೀಪ ಹಚ್ಚುವ ಹೊತ್ತು. ಅಜ್ಜಿಯ ದನಿ ಒಂದೂ ಗೀರಿಲ್ಲದೆ ಉಳಿದಿತ್ತು. ನೆಗೆಣ್ಣಿ ಕೇಳಿ, ಮತ್ತೆ ಮೊದಲಿನಿಂದ ಹಾಕಿ ಕೇಳಿದಳು.

ಅಜ್ಜಿ ಚೇತರಿಸಿಕೊಂಡು ಹಾಡು ಕೇಳಲು ಬಂದ ದಿನ ಕುರ್ಚಿಯಲ್ಲಿದ್ದವಳು ನೆಗೆಣ್ಣಿ. ತನ್ನ ದನಿ ಕೇಳಿ ಅಜ್ಜಿ ಆಕೆಯ ಕೈ ಹಿಡಿದುಕೊಂಡಳು. "ಇದನ್ನ ನಮ್ಮ ಅಕ್ಕಾರು ಮಾಡ್ಯಾರಬೇ" ಎಂದು ಆಕೆ ನನ್ನ ಕಡೆ ತೋರಿಸಿದಳು. ಅಜ್ಜಿ ನನ್ನತ್ತ ನೋಡಿ ತಲೆಯಾಡಿಸಿದಳು. ಕೈ ಮಾತ್ರ ಬಿಡಲಿಲ್ಲ.

ಕೆಲವು ವರ್ಷಗಳ ಮೇಲೆ ಮೈದುನನಿಗೆ ಕಾರಟಗಿಯ ಅಕ್ಕಿ ವ್ಯಾಪಾರದಲ್ಲಿ ಕೆಲಸ ಸಿಕ್ಕಿತು. ನೆಗೆಣ್ಣಿ ಅಲ್ಲೇ ತನ್ನದೊಂದು ಕೋಣೆ ಮಾಡಿಕೊಂಡಳು. ಕ್ಯಾಂಪಿನವರೆಲ್ಲ ಆಕೆಯ ಹಿಂದೆ ಹೋದರು. ನನ್ನ ಕುರ್ಚಿ ನನಗೆ ತಿರುಗಿ ಬಂತು, ಹಾಡಿನವರು ಬರಲಿಲ್ಲ. ಆಕೆ ಮಾಡಿದ ಒಂದೊಂದು ಸಿ.ಡಿ.ಯನ್ನೂ ಯಾರಿಗೂ ತಿಳಿಯದಂತೆ ತರಿಸಿಕೊಂಡು ಕೇಳುತ್ತಿದ್ದೆ. ಎಲ್ಲಿ ತಪ್ಪಿದಳು ಎಂದು ಹುಡುಕುತ್ತಿದ್ದೆ. ಸಿಗುತ್ತಿರಲಿಲ್ಲ.

ಒಮ್ಮೆ ಸಿಕ್ಕಿತು. ಹೊಸ ಹಾಡಿನಲ್ಲಿ ದನಿ ಎಡಕ್ಕೆ ವಾಲಿತ್ತು, ಎಡಗಿವಿಯಲ್ಲೇ ಜೋರಾಗಿ ಕೇಳುತ್ತಿತ್ತು. ಕೈ ತಪ್ಪಿರಬೇಕು ಎಂದುಕೊಂಡು ಒಳಗೊಳಗೇ ಹಿಗ್ಗಿದೆ. ಅದರ ಮುಂದಿನದು ಇನ್ನಷ್ಟು ವಾಲಿತ್ತು. ಅದರ ಮುಂದಿನದು ಕೇಳಿದಾಗ ಹಿಗ್ಗು ಇಳಿದುಹೋಯಿತು. ಮರುದಿನ ಬೆಳಿಗ್ಗೆ ಕಾರಟಗಿ ಬಸ್ ಹತ್ತಿದೆ.

"ನಿನ್ನ ಹಾಡು ಎಡಕ್ಕ ವಾಲಾಕ ಹತ್ಯಾವ," ಅಂದೆ.

ಆಕೆ ನಕ್ಕಳು. "ಹೊಟ್ಟಿಕಿಚ್ಚಿಗೆ ಇಷ್ಟು ದೂರ ಬಂದೀರೇನ್ರಿ ಅಕ್ಕಾರ?"

"ಹಂಗ ತಿಳ್ಕೊ. ಹೆಡ್‌ಫೋನ್ ತಿರುವ್ಯಾಡಿ ಹಾಕ್ಕೊಂಡು ಕೇಳು."

ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿಕೊಂಡು ಕೇಳಿದಳು. ನಗು ನಿಂತುಹೋಯಿತು. ಬಲಗಿವಿಯ ಮೇಲಿನ ಮೆತ್ತೆಯನ್ನು ಮೆಲ್ಲಗೆ ಎತ್ತಿದಳು. ಎಡಗಿವಿ ಮಂದವಾಗಿತ್ತು, ಅದಕ್ಕೇ ಆ ಕಡೆಯ ದನಿಯನ್ನು ತಿಳಿಯದೆ ಏರಿಸುತ್ತ ಬಂದಿದ್ದಳು…

ಹುಬ್ಬಳ್ಳಿಯಲ್ಲಿ ಡಾಕ್ಟರು ಕಿವಿಯ ಹಿಂದೆ ಗಡ್ಡೆ ಬೆಳೆದಿದೆ ಎಂದರು. ಆಪರೇಷನ್ ಆಯಿತು, ಎಡಗಿವಿ ಹೋಯಿತು. ನೋಡಲು ಹೋದಾಗ ತಲೆಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಳು. ನಾನು ಬಲಗಡೆಗೆ ಹೋಗಿ ಕೂತೆ.

"ಊರ ಮಂದಿ ಎಲ್ಲಾ ನನ್ನ ಹಾಡು ಕೇಳ್ಯಾರ್ರಿ," ಅಂದಳು. "ಯಾರೂ ಏನೂ ಅನ್ನಲಿಲ್ಲ. ಅಷ್ಟು ಕಿವಿಗೊಟ್ಟು ಕೇಳಿದವ್ರು ನೀವೊಬ್ರ."

ಯಾಕೆ ಕಿವಿಗೊಟ್ಟಿದ್ದೆನೆಂದು ಆಕೆಗೆ ಗೊತ್ತಿತ್ತು. ಆಮೇಲೆ ಕೆಲಕಾಲ ಕೆಲಸ ಮಾಡಿದಳು. ತಾನು ಮುಗಿಸಿದ್ದನ್ನು ನನಗೆ ಕಳಿಸುತ್ತಿದ್ದಳು, ನಾನು ಎಡಗಡೆ ಸರಿಮಾಡಿ ಕಳಿಸುತ್ತಿದ್ದೆ. ಹೊಗಳಿಕೆ ಆಗಲೂ ಆಕೆಗೇ ಬರುತ್ತಿತ್ತು, ನನಗೆ ಆಗಲೂ ಉರಿಯುತ್ತಿತ್ತು. ಗಡ್ಡೆ ಮತ್ತೆ ಬೆಳೆಯಿತು. ಎರಡನೆಯ ಸಲ ಹುಬ್ಬಳ್ಳಿಗೆ ಹೋದವಳು ತಿರುಗಿ ಬರಲಿಲ್ಲ…

ಈಗ ಬಂದಿರುವ ಹೊಸ ಪ್ಲಗಿನ್ನಿಗೆ ಇರುವುದು ಒಂದೇ ಗುಂಡಿ. ಒತ್ತಿದರೆ ತಾನೇ ಹಾಡು ಕೇಳಿಸಿಕೊಂಡು ತಾನೇ ಸರಿಮಾಡುತ್ತದೆ. ಮೊನ್ನೆ ಕೊಪ್ಪಳದ ಹುಡುಗಿಯೊಬ್ಬಳ ಹಾಡಿಗೆ ಹಚ್ಚಿ ನೋಡಿದೆ. ಚೆನ್ನಾಗಿಯೇ ಬಂತು. ಹುಡುಗಿ ಖುಷಿಯಾಗಿ ಹೋದಳು. ಯಜಮಾನರು ಬಾಗಿಲಲ್ಲಿ ನಿಂತಿದ್ದರು.

"ಇದು ಆಕಿ ಕೈಯಾಗ ಸಿಕ್ಕಿದ್ರ ನೋಡಬೇಕಿತ್ರಿ," ಅಂದೆ. "ನನಗಿಂತ ಮೊದಲ ಕಲ್ತು, ಊರಿಗೆಲ್ಲಾ ತೋರಿಸಿ, ಹೆಸರು ಮಾಡ್ಕೊಂತಿದ್ಲು."

ಅವರು ನನ್ನ ಮುಖವನ್ನೇ ನೋಡಿದರು. "ಆಕಿ ಹೋಗಿ ಇಷ್ಟು ವರ್ಷ ಆತು. ನಿನ್ನ ಹೊಟ್ಟಿಕಿಚ್ಚು ಇನ್ನೂ ಹೋಗಿಲ್ಲಲ್ಲ."

"ಹೋಗಿಲ್ರಿ," ಅಂದೆ. "ಅದೊಂದಾದ್ರೂ ಇರ್ಲಿ."