ಕೋಪರ್ ದಾಟುವವರೆಗೆ

ಕಲ್ಯಾಣದಿಂದ ಹೊರಡುವ ಬೆಳಗಿನ ಸ್ಲೋ ಲೋಕಲಿನಲ್ಲಿ ನಾನು ಕಿಟಕಿಯ ಬಳಿ ಕೂತು ಪಕ್ಕದ ಸೀಟಿನ ಮೇಲೆ ಒಂದು ನೀಲಿ ಕರವಸ್ತ್ರ ಹಾಸುತ್ತಿದ್ದೆ. ಹದಿನಾಲ್ಕು ವರ್ಷ ಹಾಸಿದೆ. ಎರಡು ಸ್ಟೇಶನ್ ಆದ ಮೇಲೆ, ಡೊಂಬಿವಲಿಯಲ್ಲಿ, ನನ್ನ ಗೆಳತಿ ಹತ್ತುತ್ತಿದ್ದಳು. ಠಾಣೆಯಲ್ಲಿ ಇಳಿದು ಅವಳು ಬ್ಯಾಂಕಿಗೆ ಹೋದರೆ ನಾನು ವರ್ತಕ ನಗರದ ಶಾಲೆಯ ಆಫೀಸಿಗೆ. ಅವಳು ಬಾಗಲಕೋಟೆ ಕಡೆಯವಳು, ನಾನು ಉಡುಪಿ ಕಡೆಯವಳು. ರೈಲಿನಲ್ಲೇ ಪರಿಚಯ, ಸ್ನೇಹ ಎಲ್ಲ.

ಕರವಸ್ತ್ರ ಅವಳದು. ಅದರ ನಿಯಮವೂ ಅವಳದೇ.

“ನಾ ಬ್ಯಾರೆ ಬಾಗಲದಿಂದ ಹತ್ತಿರ್ತೀನಿ, ಗದ್ದಲದಾಗ ಬರಾಕ ಹೊತ್ತಾಗತೈತಿ. ಮುಂದಿನ ಸ್ಟೇಶನ್ ಕೋಪರ್ ಅಲ್ಲಾ, ಅಲ್ಲೀತನಾ ಕಾಯಿ. ಕೋಪರ್ ದಾಟಿತಂದ್ರ ರುಮಾಲ ಎತ್ತಿಬಿಡು. ಮಂದಿ ನಿಂತಿರ್ತಾರ. ಆಮ್ಯಾಲೂ ಜಾಗಾ ಹಿಡದ ಕುಂತ್ರ ಅನ್ಯಾಯ ನೋಡು.”

ಹಿಮಾಚಲದ ರಾಷ್ಟ್ರೀಯ ಉದ್ಯಾನವೊಂದರೊಳಗಿನ ಜಲಪಾತವನ್ನು ಅವಳು ಮೊಬೈಲಿನಲ್ಲಿ ನೋಡಿದ್ದು ಇದೇ ಸೀಟಿನಲ್ಲಿ. ಮೇಲೆ ಹಿಮನದಿ, ಅದು ಕರಗಿ ಕೆಳಗೆ ನೀರು. ಠಾಣೆಯ ಒಂದು ಟ್ರೆಕ್ಕಿಂಗ್ ಗುಂಪು ಪ್ರತಿ ಮೇ ತಿಂಗಳು ಅಲ್ಲಿಗೆ ಹೋಗುತ್ತಿತ್ತು. ಕೇಳದೆಯೇ ನನ್ನ ಹೆಸರನ್ನೂ ಕೊಟ್ಟುಬಿಟ್ಟಳು.

“ನೀ ಸಮುದ್ರ ನೋಡಿ ಬೆಳದಾಕಿ. ನಾ ಬರೀ ಬಿಸಲು ನೋಡೀನಿ. ಬರ್ಫ ಕರಗಿ ಬೀಳೂದು ಒಮ್ಮೆ ಕಣ್ಲೆ ನೋಡಬೇಕವಾ.”

“ಮಗಳ ಸಿಇಟಿ ಉಂಟು ಮಾರಾಯ್ತಿ. ಬರುವ ವರ್ಷ ಹೋಗುವ.”

“ಬರೂ ವರ್ಷ ಯಾವ ಪ್ಲಾಟ್‌ಫಾರ್ಮಿಗಿ ಬರತೈತಿ? ಅನೌನ್ಸ್ ಆಗೈತೇನು?” ಎಂದು ಎದುರಿನ ಸೀಟಿನವರೆಲ್ಲ ನಗುವಂತೆ ಕೇಳಿದಳು. ನಾನಿಲ್ಲದೆ ತಾನೂ ಹೋಗಲಿಲ್ಲ. ಇಬ್ಬರ ಹೆಸರನ್ನೂ ತೆಗೆಸಿದಳು.

ಮಗಳು ಪರೀಕ್ಷೆಗೆ ಅಪ್ಪನ ಜೊತೆ ಹೋಗಿ ಬಂದಳು. ನಾನು ಬೇಕಾಗಲೇ ಇಲ್ಲ.

ಜುಲೈಯಲ್ಲಿ ಗೆಳತಿಗೆ ಜ್ವರ ಬಂತು. ಒಂಬತ್ತನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಕರವಸ್ತ್ರ ನನ್ನ ಚೀಲದಲ್ಲೇ ಉಳಿಯಿತು. ನಾನು ರೈಲಿನ ಡಬ್ಬಿ ಬದಲಿಸಿದೆ. ಹಳೆಯ ಡಬ್ಬಿಯವರು ಪ್ಲಾಟ್‌ಫಾರ್ಮಿನಲ್ಲಿ ಕಂಡರೆ ಕಂಬದ ಆಚೆ ಸರಿಯುತ್ತಿದ್ದೆ.

ಮರುವರ್ಷದ ಮೇಯಲ್ಲಿ ಅದೇ ಗುಂಪಿನ ಜೊತೆ ಹೊರಟೆ. ಹನ್ನೊಂದು ಜನ, ನನ್ನನ್ನು ಬಿಟ್ಟರೆ ಎಲ್ಲರೂ ಚಿಕ್ಕವರು. ನವಿ ಮುಂಬಯಿಯ ಕಾಮೋಠೆಯ ಹುಡುಗಿಯೊಬ್ಬಳು ಮೊದಲ ದಿನವೇ ಹೇಳಿದಳು: “ಆಂಟಿ, ಮೇರೇ ಪಪ್ಪಾ ಭೀ ಕನ್ನಡಾ ಬೋಲ್ತೇ ಹೈಂ. ಮೈಂ ಸಮಝ್ತೀ ಹೂಂ, ಬೋಲ್ ನಹೀಂ ಪಾತೀ.” ಅಪ್ಪ ಕನ್ನಡ ಆಡುತ್ತಾರೆ, ಅವಳಿಗೆ ಅರ್ಥವಾಗುತ್ತದೆ, ಆಡಲು ಮಾತ್ರ ಬರುವುದಿಲ್ಲ.

ಉದ್ಯಾನದ ಗೇಟಿನಿಂದ ಎರಡು ದಿನದ ನಡಿಗೆ. ದೇವದಾರು ಮರಗಳು ಮುಗಿದ ಮೇಲೆ ಬರೀ ಕಲ್ಲು, ಅಲ್ಲಲ್ಲಿ ಮಣ್ಣು ಮೆತ್ತಿದ ಹಿಮ. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆ. ಗೆಳತಿ ಇದ್ದಿದ್ದರೆ ಏನೆಲ್ಲ ಚೇಷ್ಟೆ ಮಾಡುತ್ತಿದ್ದಳೋ ಅನ್ನಿಸುತ್ತಿತ್ತು. ಎರಡನೆಯ ಬೆಳಿಗ್ಗೆ ಒಂದು ಹಳ್ಳ ದಾಟಿ ಜಲಪಾತದ ಬುಡಕ್ಕೆ ಬಂದೆವು.

ಮೊಬೈಲಿನಲ್ಲಿ ಕಂಡಷ್ಟು ದೊಡ್ಡದಿರಲಿಲ್ಲ. ಕಪ್ಪು ಬಂಡೆಯ ಮೇಲೆ ಬೂದಿ ಬೆರೆಸಿದ ಹಾಲಿನಂಥ ನೀರು, ಸಣ್ಣ ಧಾರೆ. ಗೈಡ್ ಹೇಳಿದ: “ಧೂಪ್ ಲಗೇಗೀ ತೋ ಬಢೇಗಾ, ದೀದಿ. ಆಧಾ ಘಂಟಾ, ಬಸ್. ಫಿರ್ ನಾಲಾ ಚಢ್ ಜಾಯೇಗಾ.” ಬಿಸಿಲೇರಿದಂತೆ ಹಿಮ ಕರಗಿ ಧಾರೆ ಹೆಚ್ಚುತ್ತದೆ, ಹಳ್ಳವೂ ತುಂಬುತ್ತದೆ, ಅರ್ಧ ಗಂಟೆಯೊಳಗೆ ವಾಪಸು ದಾಟಬೇಕು.

ಇಬ್ಬರು ಕೂರುವಷ್ಟು ಒಣಗಿದ ಕಲ್ಲು ಒಂದೇ ಇತ್ತು. ನಾನು ಒಂದು ತುದಿಯಲ್ಲಿ ಕೂತೆ. ಕೈ ಚೀಲಕ್ಕೆ ಹೋಯಿತು, ಕರವಸ್ತ್ರ ತೆಗೆದು ಪಕ್ಕದಲ್ಲಿ ಹಾಸಿತು. ಹಾಸಿದ ಮೇಲೆಯೇ ನನಗೆ ತಿಳಿದದ್ದು.

ಕಾಮೋಠೆಯ ಹುಡುಗಿ ಎಲ್ಲರಿಗಿಂತ ಹಿಂದೆ ಕುಂಟುತ್ತ ಬಂದಳು. ಹಳ್ಳದಲ್ಲಿ ಜಾರಿ ಮೊಣಕಾಲು ತರಚಿತ್ತು.

“ಆಂಟಿ, ಯಹಾಂ ಕೋಯೀ ಹೈ?” ಪಕ್ಕದಲ್ಲಿ ಯಾರಾದರೂ ಕೂತಿದ್ದಾರಾ ಎಂದು ಕೇಳಿದಳು.

“ಆ ರಹೀ ಹೈ,” ಅಂದೆ, ಬರುತ್ತಿದ್ದಾಳೆ ಅಂತ.

ಹುಡುಗಿ ತಾನು ಬಂದ ದಾರಿಯತ್ತ ತಿರುಗಿ ನೋಡಿದಳು. ಅವಳ ಹಿಂದೆ ಯಾರೂ ಇರಲಿಲ್ಲ. ಕರವಸ್ತ್ರ ನೋಡಿದಳು. ಲೋಕಲ್ ರೈಲಿನಲ್ಲಿ ಓಡಾಡಿ ಬೆಳೆದ ಹುಡುಗಿ, ಜಾಗ ಹಿಡಿದಿದೆ ಎಂದು ತಿಳಿದು ಒದ್ದೆ ಕಲ್ಲುಗಳ ಮೇಲೆ ಕೂತಳು.

ನೋಡುತ್ತಿದ್ದಂತೆ ಧಾರೆ ದಪ್ಪವಾಗುತ್ತಿತ್ತು, ಸದ್ದು ಹೆಚ್ಚುತ್ತಿತ್ತು. ಗೆಳತಿಯ ಜ್ವರವನ್ನು ನಾನು ತಡೆಯಬಲ್ಲವಳಾಗಿರಲಿಲ್ಲ. ಆದರೆ ಅವಳಿಗೆ ಆ ಒಂದು ಮೇ ತಿಂಗಳಿತ್ತು. ಅದನ್ನು ನಾನು ಮುಂದಕ್ಕೆ ಹಾಕಿಸಿದೆ. ಈಗ ಕಲ್ಲಿನ ಮೇಲೆ ಜಾಗ ಹಿಡಿದು ಕೂತಿದ್ದೇನೆ.

ಗೈಡ್ ಗಡಿಯಾರ ನೋಡಿ ಕೈ ತೋರಿಸಿದ. ಹತ್ತು ನಿಮಿಷ ಉಳಿದಿತ್ತು. ಹುಡುಗಿ ನಡುಗುತ್ತ ಮೊಣಕಾಲು ಹಿಡಿದುಕೊಂಡಿದ್ದಳು.

ಕರವಸ್ತ್ರ ಎತ್ತಿದೆ. “ಬಾ ಮಗ, ಇಲ್ಲಿ ಕೂತ್ಕೊ.”

“ಪರ್ ಆಂಟಿ, ವೋ ಆನೇವಾಲೀ…”

“ಅವಳು ಬರುದಿಲ್ಲ,” ಅಂದೆ. ಹತ್ತು ತಿಂಗಳಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಹುಡುಗಿ ಬಂದು ಕೂತಳು. ನಾನು ಸ್ವಲ್ಪ ಸರಿದೆ. ಇಬ್ಬರೂ ನೀರು ನೋಡಿದೆವು. ಹೊರಡುವಾಗ ತುಂತುರಿಗೆ ನೆನೆದಿದ್ದ ಕರವಸ್ತ್ರವನ್ನು ಹಿಂಡಿದೆ. ಬೆರಳುಗಳು ಮರಗಟ್ಟಿದವು. ಗೆಳತಿ ನೋಡಬೇಕೆಂದಿದ್ದ ನೀರು, ಅಷ್ಟು ತಣ್ಣಗಿರುತ್ತದೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ.