ಅಪ್ಪನ ಬಸ್ಸು ಮತ್ತು ಎರಡು ಕೋರಿನ ಪ್ರೊಸೆಸರ್

ಅಪ್ಪ ಸುರಪುರದಿಂದ ಯಾದಗಿರಿಗೆ ಬಸ್ಸು ತರುತ್ತಿದ್ದಾಗ, ಶಹಾಪುರ ದಾಟಿದ ಮೇಲೆ, ಎದುರಿನ ರಸ್ತೆ ಒಮ್ಮೆಲೇ ಗರ್ರನೆ ತಿರುಗಿದಂತಾಯಿತಂತೆ. ಬಸ್ಸನ್ನು ಮೆಲ್ಲಗೆ ಎಡಕ್ಕೆ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕಂಡಕ್ಟರನನ್ನು ಕರೆದು "ನನ್ನ ಕೈಲಿ ಆಗಂಗಿಲ್ಲಪಾ, ಬ್ಯಾರೆ ಗಾಡಿ ಕರಸು" ಅಂದನಂತೆ. ಯಾರಿಗೂ ಏನೂ ಆಗಲಿಲ್ಲ. ಹಿಂದೆ ಕುಳಿತವರಲ್ಲಿ ಅರ್ಧ ಜನ ನಿದ್ದೆಯಲ್ಲೇ ಇದ್ದರು. ಯಾದಗಿರಿಯ ಡಾಕ್ಟರು ಇದು ಒಳಗಿವಿಯ ತೊಂದರೆ, ತಲೆಸುತ್ತು ಯಾವಾಗ ಬೇಕಾದರೂ ಬರಬಹುದು ಎಂದರು. ಅಲ್ಲಿಗೆ ಅಪ್ಪನ ಕೈಯಿಂದ ಸ್ಟೇರಿಂಗ್ ಹೋಯಿತು. ಡಿಪೋದಲ್ಲಿ ಕುಳಿತು ಮಾಡುವ ಕೆಲಸ ಕೊಟ್ಟರು.

ಕುಳಿತು ಮಾಡುವ ಕೆಲಸ ಅಪ್ಪನಿಗೆ ಒಗ್ಗಲಿಲ್ಲ. ಮನೆಗೆ ಬಂದ ಮೇಲೂ ಮುಂಬಾಗಿಲಿನಿಂದ ಹಿತ್ತಲಿಗೆ, ಹಿತ್ತಲಿನಿಂದ ಮುಂಬಾಗಿಲಿಗೆ ನಡೆಯುತ್ತಿದ್ದ. ನಮ್ಮ ಮನೆ ಶಹಾಪುರದ ಬಸ್‌ಸ್ಟ್ಯಾಂಡಿಗೆ ಹತ್ತಿರ. ಗೇರು ಬದಲಿಸುವ ಸದ್ದು ಕೇಳಿದರೆ ಸಾಕು, ಉಣ್ಣುತ್ತಿದ್ದವನು ರೊಟ್ಟಿಯ ಚೂರು ಕೈಯಲ್ಲಿ ಹಿಡಿದೇ ಕಿವಿಗೊಡುತ್ತಿದ್ದ. "ಎರಡನೇದಾಗ ಹಾಕೋದು ಬಿಟ್ಟು ಮೂರನೇದಾಗ ಎಳಿಯಾಕತ್ತಾನ," ಎಂದು ಗೊಣಗುತ್ತಿದ್ದ.

"ಉಣ್ಣು ಮೊದಲ," ಎನ್ನುತ್ತಿದ್ದಳು ಅವ್ವ.

ಆ ವರ್ಷ ನಾನೂ ನೆಟ್ಟಗಿರಲಿಲ್ಲ. ಗೋಗಿಯ ಹೈಸ್ಕೂಲಿನಲ್ಲಿ ಗಣಿತದ ಅತಿಥಿ ಶಿಕ್ಷಕಿ. ಬರುವ ವರ್ಷ ಕರೆಯುತ್ತಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಒಂದು ಪರೀಕ್ಷೆಗೆಂದು ಪುಸ್ತಕ ತೆರೆಯುತ್ತಿದ್ದೆ, ಹತ್ತು ಪುಟಕ್ಕೆ ಮುಚ್ಚಿ ಇನ್ನೊಂದರ ಅರ್ಜಿ ತುಂಬುತ್ತಿದ್ದೆ. ಮನಸ್ಸು ಒಂದು ಕಡೆ ನಿಲ್ಲುತ್ತಿದ್ದುದು ಕಂಪ್ಯೂಟರಿನಲ್ಲಿ ಗೇಮ್ ಆಡುವಾಗ ಮಾತ್ರ. ಯಾದಗಿರಿಯ ಅಂಗಡಿಯೊಂದರಲ್ಲಿ ಬಿಡಿ ಭಾಗಗಳನ್ನು ಜೋಡಣೆ ಮಾಡಿಸಿ ತಂದ ಅಗ್ಗದ ಯಂತ್ರ ಅದು. ನಡುಮನೆಯಲ್ಲಿ, ಬುದ್ಧನ ಪಟದ ಕೆಳಗಿನ ಟೇಬಲ್ಲಿನ ಮೇಲೆ ಇಟ್ಟಿದ್ದೆ. ಅದರ ಪ್ರೊಸೆಸರಿನಲ್ಲಿ ಲೆಕ್ಕ ಮಾಡುವ ಘಟಕ, ಅಂದರೆ ಕೋರು, ಇದ್ದದ್ದು ಎರಡೇ. ಆದರೆ ಒಂದೊಂದು ಕೋರೂ ಏಕಕಾಲಕ್ಕೆ ಎರಡೆರಡು ಕೆಲಸ ಹಿಡಿಯುವ ಸೌಲಭ್ಯವಿತ್ತು. ಅದಕ್ಕೆ ಎಸ್‌ಎಂಟಿ ಎನ್ನುತ್ತಾರೆ. ಹಾಗಾಗಿ ಪರದೆಯ ಮೇಲೆ ನೋಡಿದರೆ ನಾಲ್ಕು ಎಂದು ತೋರಿಸುತ್ತಿತ್ತು. ಆ ನಾಲ್ಕನ್ನು ನೋಡಿ ನಾನು ಖುಷಿಯಾಗಿದ್ದೆ.

ಒಂದು ರವಿವಾರ ನಾನು ಕಾರಿನ ರೇಸ್ ಆಡುತ್ತಿದ್ದೆ. ಅಪ್ಪ ಹಿಂದೆ ಬಂದು ನಿಂತ.

"ಇದರಾಗ ಬಸ್ಸಿಲ್ಲೇನು?"

ಇತ್ತು. ಬಸ್ಸು ಓಡಿಸುವ ಗೇಮೊಂದನ್ನು ಹಾಕಿಕೊಂಡೆ. ಯಾರೋ ಆಡಿ ಬಿಟ್ಟ ಸ್ಟೇರಿಂಗ್ ಮತ್ತು ಪೆಡಲುಗಳ ಜೋಡಿಯನ್ನು ಹುಡುಕಿ ತಂದು ಟೇಬಲ್ಲಿಗೆ ಬಿಗಿದೆ. ಡಾಕ್ಟರನ್ನೂ ಕೇಳಿದೆ. ಸ್ವಲ್ಪ ಹೊತ್ತು ಅಡ್ಡಿಯಿಲ್ಲ, ತಲೆ ಸುತ್ತಿದರೆ ತಕ್ಷಣ ಬಿಡಲಿ ಎಂದರು. ಮೊದಲ ದಿನ ಅಪ್ಪ ಕುರ್ಚಿಯನ್ನು ಮೂರು ಸಲ ಹಿಂದೆ ಮುಂದೆ ಸರಿಸಿ, ಇಲ್ಲದ ಕನ್ನಡಿಯನ್ನು ಸರಿಮಾಡಲು ಕೈ ಎತ್ತಿ, ನಾಚಿ ಇಳಿಸಿದ. ಬಯಲ ರಸ್ತೆಯಲ್ಲಿ ಬಸ್ಸು ಚೆನ್ನಾಗಿಯೇ ಓಡಿತು. ಪೇಟೆ ಬಂತು. ಜನ, ಕಾರು, ಸಿಗ್ನಲ್ಲು ಎಲ್ಲ ಒಟ್ಟಿಗೆ ಬಂದದ್ದೇ ಚಿತ್ರ ಜಗ್ಗತೊಡಗಿತು. ಒಂದು ಕ್ಷಣ ನಿಂತು, ಮರುಕ್ಷಣ ಮುಂದೆ ಹಾರುತ್ತಿತ್ತು. ಅಪ್ಪ ಬ್ರೇಕ್ ಒತ್ತಿ ಕಣ್ಣು ಮುಚ್ಚಿದ.

"ತಲಿ ತಿರಗಾಕತ್ತದ. ಗಾಡಿ ಜಗ್ಗತದಲ್ಲ, ಅದಕ್ಕ."

ಆ ಜಗ್ಗಾಟವನ್ನು ನಿಲ್ಲಿಸದೆ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಗೋಗಿಗೆ ಹೋಗುವ ಟಂಟಂ ಆಟೋದಲ್ಲಿ ಮೊಬೈಲು, ಊಟದ ಬಿಡುವಿನಲ್ಲಿ ಮೊಬೈಲು. ಒಂದು ವಿಡಿಯೋದಲ್ಲಿ ಒಬ್ಬ ಖಡಾಖಂಡಿತವಾಗಿ ಹೇಳುತ್ತಿದ್ದ: ಎಸ್‌ಎಂಟಿ ಬಂದ್ ಮಾಡಿಬಿಡಿ, ಒಂದು ಕೋರಿಗೆ ಒಂದೇ ಕೆಲಸ ಕೊಡಿ, ಗೇಮ್ ವೇಗವಾಗುತ್ತದೆ. ಕೇಳಲು ನ್ಯಾಯವಾಗಿತ್ತು. ಒಬ್ಬನ ತಲೆಯ ಮೇಲೆ ಎರಡು ಹೊರೆ ಯಾಕೆ? ಸಂಜೆ ಮನೆಗೆ ಬಂದವಳೇ ಚಪ್ಪಲಿ ಬಿಟ್ಟು, ಕಂಪ್ಯೂಟರು ಶುರುವಾಗುವಾಗ ಬರುವ ಸೆಟ್ಟಿಂಗಿನೊಳಗೆ ಹೋಗಿ ಅದನ್ನು ಬಂದ್ ಮಾಡಿದೆ.

ಮೊದಲು ನನ್ನ ಹಳೆಯ ಕಾರ್ ರೇಸ್ ಆಡಿ ನೋಡಿದೆ. ಖರೇ, ತುಸು ಹಗುರವಾಗಿತ್ತು. ಬಸ್ಸಿನ ಗೇಮ್ ತೆರೆದು ಬಯಲ ರಸ್ತೆಯಲ್ಲಿ ಓಡಿಸಿದೆ. ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿವೆ ಎಂದು ಮೂಲೆಯಲ್ಲಿ ತೋರಿಸುವ ಅಂಕಿ ಮೊದಲಿಗಿಂತ ಎರಡು ಮೂರು ಹೆಚ್ಚಿತ್ತು. ಅಪ್ಪನನ್ನು ಕೂಗಿದೆ. "ಬಾ, ಸರಿ ಮಾಡೀನಿ. ನಂಬರ್ ಮ್ಯಾಗ ಬಂದದ ನೋಡು."

ಅಪ್ಪ ಕೂತ. ಐದು ನಿಮಿಷ ಹಾಯಾಗಿ ಓಡಿಸಿದ. ಪೇಟೆಯ ಬಾಯಿಗೆ ಬಂದದ್ದೇ ಪರದೆ ಗಕ್ಕನೆ ಹಿಡಿದುಕೊಂಡಿತು. ಬಿಟ್ಟಾಗ ಬಸ್ಸು ಅರ್ಧ ಓಣಿ ಮುಂದಿತ್ತು. ಮತ್ತೆ ಹಿಡಿಯಿತು. ಅಪ್ಪ ಎದ್ದು ನಿಲ್ಲಲು ಹೋಗಿ, ಗೋಡೆಗೆ ಕೈ ಹಚ್ಚಿ, ಹಾಗೆಯೇ ಜಾರಿ ನೆಲಕ್ಕೆ ಕುಳಿತುಬಿಟ್ಟ. ಮುಖ ಬಿಳಿಚಿತ್ತು, ಹಣೆಯೆಲ್ಲ ಬೆವರು. ಅವ್ವ ಒಳಗಿನಿಂದ ಓಡಿ ಬಂದು ತಂಬಿಗೆ ನೀರು ಹಿಡಿದಳು. ನನ್ನ ಕಡೆ ನೋಡದೆ ಹೇಳಿದಳು. "ಇದನ್ನ ನಾಳಿ ಮನಿಯಿಂದ ತಗದು ಒಗಿ."

ನಾನು ಮೂರ್ಖಳಂತೆ ವಾದಿಸಿದೆ. "ಅವ್ವಾ, ಸರಾಸರಿ ಮೊದಲಿಗಿಂತ ಛಲೋ ಆಗ್ಯಾದ."

ನೆಲದ ಮೇಲೆ ಕುಳಿತಿದ್ದ ಅಪ್ಪನೇ ಉತ್ತರ ಕೊಟ್ಟ. ಕಣ್ಣು ಮುಚ್ಚಿಕೊಂಡೇ ಮೆಲ್ಲಗೆ ಮಾತಾಡಿದ. "ಸುರಪುರದಿಂದ ಯಾದಗಿರಿ ತನಕ ಹೂವಿನಂಗ ಕರಕೊಂಡು ಬಂದು, ಒಂದು ತೆಗ್ಗಿನ್ಯಾಗ ಎತ್ತಿ ಒಗದ್ರ, ಮಂದಿ ನೆನಪಿಡೋದು ತೆಗ್ಗ ಯವ್ವಾ. ಸರಾಸರಿ ತಗೊಂಡು ಏನ್ ಮಾಡ್ತಿ?"

ಆ ವಾರ ನಾನು ಎಂಟನೇ ಕ್ಲಾಸಿಗೆ ಕಲಿಸುತ್ತಿದ್ದುದು ಸರಾಸರಿಯ ಪಾಠವನ್ನೇ. ಮರುದಿನ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತ ನನಗೆ ಕಿವಿ ಬಿಸಿಯಾಯಿತು. ಒಬ್ಬ ಹುಡುಗಿ ಎದ್ದು "ಟೀಚರ್, ಭಾಗಿಸಿದ್ದು ತಪ್ಪದರಿ" ಅಂದಳು. ತಪ್ಪೇ ಆಗಿತ್ತು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಸುರಪುರದ ಬಸ್ಸು ಹತ್ತಿದೆ. ಅಲ್ಲಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ನನ್ನ ಜೊತೆ ಡಿಗ್ರಿ ಓದಿದ ಗೆಳತಿ ಕೆಲಸ ಮಾಡುತ್ತಾಳೆ. ಅವಳದು ನನಗೆ ಪೂರಾ ವಿರುದ್ಧದ ಸ್ವಭಾವ. ಕೈಗೆತ್ತಿಕೊಂಡ ಸ್ಕ್ರೂ ಪೂರ್ತಿ ಬಿಚ್ಚುವ ತನಕ ತಲೆ ಎತ್ತುವುದಿಲ್ಲ. ಅವರ ಮನೆಯ ಅಡುಗೆಕೋಣೆಯಲ್ಲಿ, ಅವಳು ರೊಟ್ಟಿ ಬಡಿಯುವಾಗ, ನಡೆದದ್ದನ್ನೆಲ್ಲ ಹೇಳಿದೆ.

"ಎರಡು ಕೋರಿಂದಕ್ಕ ಎಸ್‌ಎಂಟಿ ಬಂದ್ ಮಾಡಿದೇನು?" ಎಂದು ರೊಟ್ಟಿ ತಿರುವಿದಳು. "ಆ ವಿಡಿಯೋದಾಂವಂದು ಎಂಟು ಕೋರಿನ ಮಷೀನ್ ಇದ್ದಿರಬೇಕು. ಅವನಿಗೆ ನಡೀತದ. ನೋಡಿಲ್ಲಿ, ಈಗ ನಾ ಒಬ್ಬಾಕಿ ಎರಡು ಹಂಚು ಇಟಗೊಂಡೀನಂತ ತಿಳ್ಕೊ. ಒಂದರ ಮ್ಯಾಗಿನ ರೊಟ್ಟಿ ಬೇಯೋ ತನಕ ಸುಮ್ ಕೂಡೋ ಬದಲಿ ಇನ್ನೊಂದು ಹಾಕ್ತೀನಿ. ಕೈ ಎರಡೇ, ನಾಲ್ಕಾಗಂಗಿಲ್ಲ. ಆದ್ರ ಖಾಲಿ ಹೊತ್ತು ಉಳಿಯಂಗಿಲ್ಲ. ಎಸ್‌ಎಂಟಿ ಅಂದ್ರ ಅಷ್ಟ. ಕೋರು ಮೆಮೊರಿಯಿಂದ ಏನರ ಬರೋದು ಕಾಯ್ತಿರತದ, ಆ ಹೊತ್ತಿನ್ಯಾಗ ಇನ್ನೊಂದು ಕೆಲಸ."

"ಮತ್ತ ನನ್ನ ಹಳೇ ರೇಸು ಹಗುರಾತಲ್ಲ?"

"ಹಳೇ ಗೇಮು ಒಂದೆರಡು ರೊಟ್ಟಿ ಸಾಕು ಅಂತದ. ಎರಡು ಹಂಚು ಇದ್ರ ಜಾಗಕ್ಕ ಜಗಳ, ಅಷ್ಟ. ಬಸ್ಸಿನ ಗೇಮು ಹಂಗಲ್ಲ. ಪ್ಯಾಟಿ ಬಂತಂದ್ರ ಮಂದಿ, ಗಾಡಿ, ಸಪ್ಪಳ, ಎಲ್ಲಾ ಒಮ್ಮೆಲೆ ರೊಟ್ಟಿ ಕೇಳ್ತಾವ. ನೀ ಹಂಚು ತಗದಿಟ್ಟಿ."

ನಾನು ಎದ್ದು ನಿಂತೆ. ಈಗಲೇ ಹೋಗಿ ಚಾಲೂ ಮಾಡಬೇಕು ಅನಿಸಿತು. ಅವಳು ಕೈ ಹಿಡಿದು ಕೂರಿಸಿದಳು. "ಕೂಡು. ಉಂಡು ಹೋಗು. ಚಾಲೂ ಮಾಡಿದ್ರೂ ಪೂರಾ ಸರಿ ಆಗಂಗಿಲ್ಲ. ನನ್ನ ಮಷೀನಿನ್ಯಾಗ ಹಳೇ ಪ್ರೊಸೆಸರೊಂದು ಅದ, ನಾಲ್ಕು ಖರೇ ಕೋರು, ಎಸ್‌ಎಂಟಿ ಇಲ್ಲ. ಇಬ್ಬರು ಎರಡೆರಡು ಹಂಚು ನೋಡಕೊಳ್ಳೋದು ಒಂದು, ನಾಲ್ಕು ಮಂದಿ ಒಂದೊಂದು ನೋಡಕೊಳ್ಳೋದು ಒಂದು. ನಿನ್ನ ಮದರ್‌ಬೋರ್ಡಿಗೆ ಕೂಡತದ. ನಾಳಿ ತರ್ತೀನಿ. ನಿಮ್ಮಪ್ಪ ಮೂರೂ ನಮೂನಿ ಓಡಿಸಿ ನೋಡಲಿ, ಆದ್ರ ಕಾಕಾಗ ಯಾವುದು ಯಾವುದಂತ ಹೇಳಬ್ಯಾಡ."

ರವಿವಾರ ಬೆಳಿಗ್ಗೆ ಅವಳು ಹಳೆಯ ಕಾಟನ್ ಸೀರೆಯ ತುಂಡಿನಲ್ಲಿ ಸುತ್ತಿದ ಪ್ರೊಸೆಸರು, ಸ್ಕ್ರೂಡ್ರೈವರು ಹಿಡಿದು ಬಂದಳು. ಅವ್ವ ಚಹಾ ಇಟ್ಟಳು. ಅಪ್ಪನನ್ನು ಒಪ್ಪಿಸುವುದೇ ಕಷ್ಟವಾಯಿತು.

"ನನಗ ಬ್ಯಾಡವ್ವ. ಹೋದ ಸಲ ನೆಲ ಹಿಡದೀನಿ."

"ಕಾಕಾ, ನೀವು ಹೊಸಾ ಗಾಡಿ ಡಿಪೋಕ್ಕ ಬಂದಾಗ ಟ್ರಯಲ್ ತಗೋತಿದ್ದಿರಲ್ಲ, ಹಂಗ ತಗೊಳ್ರಿ," ಎಂದಳು ಗೆಳತಿ. "ಮೂರು ಗಾಡಿ ಅವ. ಒಂದ ರೂಟು. ಜರಾ ತಕಲೀಫ್ ಅನಿಸಿದ್ರ ನಿಲ್ಲಸ್ರಿ."

ಟ್ರಯಲ್ ಎಂಬ ಮಾತಿಗೆ ಅಪ್ಪ ಅಂಗಿಯ ತೋಳು ಮಡಚಿದ.

ಮೊದಲನೆಯದು ನನ್ನ ಎರಡು ಕೋರಿನದೇ, ಎಸ್‌ಎಂಟಿ ಚಾಲೂ ಇಟ್ಟು. ಅಪ್ಪ ಪೇಟೆ ದಾಟಿ ನಿಲ್ದಾಣ ಮುಟ್ಟಿಸಿದ. "ಹೋಗತದ. ನಾಕೈದು ಕಡಿ ಜಗ್ಗಿತು. ಕ್ಲಚ್ ಸವದ ಗಾಡಿ ಇದ್ದಂಗ."

ಅವನನ್ನು ಹಿತ್ತಲಿಗೆ ಕಳಿಸಿ ಎಸ್‌ಎಂಟಿ ಬಂದ್ ಮಾಡಿದೆವು. ಎರಡನೆಯದು ಬಯಲಿನಲ್ಲಿ ಓಡುವಾಗ ಅಪ್ಪ "ಇದು ಹಗುರ ಅದ" ಅಂದ. ನಾನು ಗೆಳತಿಯ ಮುಖ ನೋಡಿದೆ. ನನ್ನ ಕಾಲು ಒಂದೇ ಸಮ ಅಲ್ಲಾಡುತ್ತಿತ್ತು. "ಟೇಬಲ್ ನಡಗಾಕತ್ತದ, ಕಾಲು ಹಿಡಿ," ಎಂದಳು. ಪೇಟೆಯಲ್ಲಿ ಮೊದಲ ಸಿಗ್ನಲ್ಲಿಗೇ ಚಿತ್ರ ಗಕ್ಕೆಂದಿತು. ಅಪ್ಪ ಕೂಡಲೇ ಪೆಡಲಿನಿಂದ ಕಾಲು ತೆಗೆದು ಮುಖ ಬೇರೆ ಕಡೆ ತಿರುಗಿಸಿದ. "ಇದನ್ನ ರೋಡಿಗೆ ಬಿಡಬ್ಯಾಡ್ರಿ."

ಆಮೇಲೆ ಗೆಳತಿ ಕಂಪ್ಯೂಟರಿನ ಡಬ್ಬಿ ಬಿಚ್ಚಿದಳು. ಫ್ಯಾನು ತೆಗೆದು, ಬಿಸಿ ಇಳಿಸಲು ಅದರಡಿ ಹಚ್ಚಿದ್ದ ಹಳೆಯ ಪೇಸ್ಟು ಒರೆಸಿ, ನನ್ನ ಪ್ರೊಸೆಸರು ಎತ್ತಿ ತನ್ನದನ್ನು ಕೂರಿಸಿ ಹೊಸ ಪೇಸ್ಟು ಹಚ್ಚಿದಳು. ನಾನು ನೋಡುತ್ತ ನಿಲ್ಲಲಾಗದೆ ನಾಲ್ಕು ಸಲ ಒಳಗೆ ಹೊರಗೆ ತಿರುಗಿದೆ. ಅಪ್ಪನೂ ಹಿತ್ತಲಲ್ಲಿ ಹಾಗೆಯೇ ತಿರುಗುತ್ತಿದ್ದ. ಒಂದು ಸಲ ಬಾಗಿಲಲ್ಲಿ ಇಬ್ಬರೂ ಎದುರಾದೆವು. ಅವ್ವ ನೋಡಿ, "ಅಪ್ಪನಂಗ ಮಗಳು," ಎಂದಳು. ಆ ವಾರದಲ್ಲಿ ಅವಳು ನನ್ನ ಬಗ್ಗೆ ಆಡಿದ ಮೊದಲ ಮೆತ್ತಗಿನ ಮಾತು ಅದು.

ಮೂರನೆಯ ಗಾಡಿಗೆ ಅಪ್ಪ ಕುರ್ಚಿ ಸರಿಸಿಕೊಂಡು ಕೂತ. ಬಯಲು ದಾಟಿತು, ಪೇಟೆ ಬಂತು. ಸಿಗ್ನಲ್ಲಿಗೆ ನಿಂತ, ಬಿಟ್ಟ. ಅಡ್ಡ ಬಂದ ಕಾರಿಗೆ ದಾರಿ ಕೊಟ್ಟ. ಎಡಗಡೆಯ ನಿಲ್ದಾಣದಲ್ಲಿ ನಿಲ್ಲಿಸಿ, ಬಾಗಿಲು ತೆರೆದು, ಜನ ಹತ್ತುವ ತನಕ ಕಾಯ್ದು, ತಲೆಯನ್ನು ತುಸು ಹಿಂದೆ ತಿರುಗಿಸಿದ. ಕಂಡಕ್ಟರನ ಸಿಳ್ಳೆಗೆ ಕಾಯುತ್ತಿದ್ದಾನೆ ಎಂದು ನನಗೆ ಆಗ ಹೊಳೆಯಿತು. ನಾನು ನಾಲಿಗೆ ಮಡಚಿ ಸಣ್ಣಗೆ ಸಿಳ್ಳೆ ಹೊಡೆದೆ. ಅಪ್ಪ ಗೇರು ಹಾಕಿದ. ನಾವು ನಿಗದಿ ಮಾಡಿದ ರೂಟು ಮುಗಿದ ಮೇಲೂ ಮುಂದೆ ಹೋಗುತ್ತಲೇ ಇದ್ದ. ಗೆಳತಿಯೇ "ಸಾಕ್ರಿ ಕಾಕಾ, ತಲಿ ಹೆಂಗದ?" ಎಂದಾಗ ನಿಲ್ಲಿಸಿದ.

"ತಲಿ ನೆನಪೇ ಬರಲಿಲ್ಲ," ಅಂದ.

ಮೂಲೆಯ ಅಂಕಿ ಬಯಲಿನಲ್ಲಿ ಮೂರರಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಪೇಟೆಯೊಳಗೆ ಎಷ್ಟು ಕೆಳಗೆ ಬೀಳುತ್ತದೆ ಎಂಬುದರಲ್ಲೇ ಎಲ್ಲ ವ್ಯತ್ಯಾಸ. ಅಂಕಿ ಮೇಲಕ್ಕೆ ಕೆಳಕ್ಕೆ ಹಾರದಂತೆ ಗೆಳತಿ ಅದಕ್ಕೊಂದು ಮಿತಿಯನ್ನೂ ಹಾಕಿಕೊಟ್ಟಳು. ತನ್ನ ಪ್ರೊಸೆಸರು ಇಲ್ಲೇ ಇರಲಿ, ಮತ್ತೆ ಬಿಚ್ಚಬೇಡ ಎಂದಳು. ತನಗೆ ಬೇಕಾದದ್ದು ಟೈಪಿಂಗಿಗೆ ಮಾತ್ರ, ನನ್ನ ಎರಡು ಕೋರಿನದೇ ಸಾಕು ಎಂದು ಅದನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಸುರಪುರಕ್ಕೆ ಒಯ್ದಳು.

ಅಪ್ಪ ಸಂಜೆ ಅರ್ಧ ಗಂಟೆ ಓಡಿಸುವುದು ರೂಢಿಯಾಯಿತು. ಅದರಿಂದ ಅವನಿಗೆ ಒಂದು ಆಸೆಯೂ ಹುಟ್ಟಿತು, ನನಗೆ ಹೇಳಲಿಲ್ಲ. ಒಂದು ದಿನ ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು ಯಾದಗಿರಿಗೆ ಮತ್ತೆ ತಪಾಸಣೆಗೆ ಹೋದ. ಡಾಕ್ಟರು ಕಣ್ಣು ಮುಚ್ಚಿಸಿ ಗೆರೆಯ ಮೇಲೆ ನಡೆಸಿದರಂತೆ. ಐದನೇ ಹೆಜ್ಜೆಗೆ ಪಕ್ಕಕ್ಕೆ ವಾಲಿದನಂತೆ. ಪರದೆಯ ರಸ್ತೆ ಬೇರೆ, ನಲವತ್ತು ಮಂದಿ ಕುಳಿತ ಬಸ್ಸು ಬೇರೆ ಎಂದರು. ಅವರು ಹೇಳಿದ್ದು ಸರಿ ಎಂದು ಅಪ್ಪನೇ ಒಪ್ಪಿದ. ಆದರೂ ನಾಲ್ಕು ದಿನ ಕಂಪ್ಯೂಟರಿನ ಹತ್ತಿರ ಸುಳಿಯಲಿಲ್ಲ. ಆ ನಾಲ್ಕು ದಿನ ನಾನೇ ಅವನಿಗೆ ಈ ಆಸೆ ಹಚ್ಚಿದೆನೇನೋ ಎಂದು ಒದ್ದಾಡಿದೆ. ಕೇಳಲು ಧೈರ್ಯ ಬರಲಿಲ್ಲ.

ಐದನೆಯ ದಿನ ಶಾಲೆಯಿಂದ ಬಂದಾಗ ನಡುಮನೆಯಲ್ಲಿ ಜಗಳ ಕೇಳಿಸಿತು. ಕುರ್ಚಿಯ ಮೇಲೆ ಅವ್ವ ಕುಳಿತಿದ್ದಳು. ಸೈಕಲ್ಲನ್ನೂ ತುಳಿದವಳಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟೇರಿಂಗನ್ನು ಬುಟ್ಟಿಯಂತೆ ತಬ್ಬಿ ಹಿಡಿದಿದ್ದಳು. ಬಸ್ಸು ಜೋಳದ ಹೊಲದಂಥ ಜಾಗದಲ್ಲಿ ಅಡ್ಡ ನಿಂತಿತ್ತು.

"ಕ್ಲಚ್ ಮೆಲ್ಲಕ ಬಿಡಂತ ಎಷ್ಟು ಸಲ ಹೇಳಬೇಕು?"

"ಬಿಟ್ಟೀನಲ್ಲ. ಅದಕ್ಕ ತಿಳಿವಲ್ದು."

"ಹಿಂದ ಮಂದಿ ಕುಂತಾರ, ನೆನಪಿಡು."

"ಇಳದು ನಡಕೊಂಡು ಬರಲಿ."

ಅಪ್ಪ ಅವಳ ಹಿಂದೆ ನಿಂತಿದ್ದ. ಅವಳು ಗೇರು ಹಾಕಿದಾಗೆಲ್ಲ ಅವನ ಎಡಗಾಲು ಬರಿಯ ನೆಲವನ್ನು ಒತ್ತುತ್ತಿತ್ತು. ನಾನು ಬಂದದ್ದನ್ನು ಇಬ್ಬರೂ ನೋಡಲಿಲ್ಲ. ಚೀಲ ಕೆಳಗಿಟ್ಟು, ಬಾಗಿಲಿಗೆ ಒರಗಿ, ಬಸ್ಸು ಮತ್ತೆ ರಸ್ತೆಗೆ ಬರುವ ತನಕ ನಿಂತು ನೋಡಿದೆ.